ಪೆರುವಿಗೆ ಹೊರಟ ಹೂಡೆಯ ಸಂಸಾರ

ಉಡುಪಿ ಬಳಿಯ ಹೂಡೆಯವರಿಗೆ ಪರದೇಶ ಹೊಸದಲ್ಲ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸ್ವರ್ಣಾ ನದಿ, ನಡುವೆ ತೆಂಗಿನ ತೋಟಗಳ ಸಪೂರ ನೆಲ. ಸಂತೆಕಟ್ಟೆಯಿಂದ ಕೆಮ್ಮಣ್ಣು ದಾಟಿ ಬರುವ ರಸ್ತೆ ಇಲ್ಲಿಂದ ಮುಂದೆ ಕೋಡಿ ಬೆಂಗ್ರೆಗೆ ಹೋಗಿ ನೀರಿನೆದುರು ಮುಗಿದುಬಿಡುತ್ತದೆ. ಆದರೂ ಈ ಸಣ್ಣ ಊರಿನ ಮನೆಮನೆಯಲ್ಲಿ ದುಬೈ, ದಮ್ಮಾಮ್, ಮಸ್ಕತ್ತಿನಲ್ಲಿ ದುಡಿದವರಿದ್ದಾರೆ. ಪಾಸ್‌ಪೋರ್ಟಿನ ಅವಧಿ, ಸಾಮಾನಿನ ತೂಕ, ಇಮಿಗ್ರೇಶನ್ ಕೌಂಟರಿನ ಪ್ರಶ್ನೆಗಳು ಇಲ್ಲಿ ಅಂಗಡಿ ಜಗಲಿಯ ಮಾತು. ಹೀಗಿದ್ದೂ ನಾವು ಸಂಸಾರ ಸಮೇತ ಪೆರುವಿಗೆ ಹೊರಟಿದ್ದೇವೆ ಎಂದಾಗ ಎಲ್ಲರಿಗೂ ಗಾಬರಿಯಾಯಿತು.

"ಪೆರುವಾ? ಅದೆಲ್ಲಿ ಬರ್ತದೆ?"

"ದಕ್ಷಿಣ ಅಮೆರಿಕದಲ್ಲಿ. ಬ್ರೆಜಿಲ್‌ನ ಪಕ್ಕ."

"ಮಕ್ಕಳನ್ನು ಕಟ್ಟಿಕೊಂಡು, ಅತ್ತೆಯನ್ನೂ ಕರ್ಕೊಂಡು? ನಿಂಗೆ ಮರ್ಲಾ ಮಾರಾಯ್ತಿ?"

ಅತ್ತೆಯನ್ನು ನಾವು ಕರೆದುಕೊಂಡು ಹೋಗುವುದಲ್ಲ, ಅತ್ತೆಯೇ ನಮ್ಮನ್ನು ಹೊರಡಿಸಿದ್ದು ಎಂದರೆ ಯಾರೂ ನಂಬಲಿಲ್ಲ. ತೀರ್ಥಹಳ್ಳಿ ಕಡೆಯ ತವರು, ಶಾಲೆಯಲ್ಲಿ ಮಕ್ಕಳಿಗೆ ಸಮಾಜ ಕಲಿಸಿ ನಿವೃತ್ತರಾದವರು. ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಓದಿದ ದಿನದಿಂದ ಅವರ ತಲೆಯಲ್ಲಿ ಮಾಚುಪಿಚು ಕೂತಿತ್ತು. "ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ ಕನ್ನಡದ ಹೆಂಗಸು ಹೋಗಿ ಬಂದು ಪುಸ್ತಕ ಬರೆದಿದ್ದಾರೆ. ನಮಗೇನು ಧಾಡಿ?" ಎನ್ನುವುದು ಅವರ ವಾದ. 2023ರ ಮಳೆಗಾಲ ಮುಗಿಯುವ ಹೊತ್ತಿಗೆ ಆ ವಾದಕ್ಕೆ ಎದುರಾಡುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಹೆದರಿಸುವವರಿಗೇನೂ ಬರವಿರಲಿಲ್ಲ. ಒಬ್ಬರಿಗೆ ಕೊಕೇನ್ ಗ್ಯಾಂಗುಗಳು, ಮತ್ತೊಬ್ಬರಿಗೆ ಅಪಹರಣಕಾರರು, ಅನಕೊಂಡ ಸಿನಿಮಾ ನೋಡಿದ ನಾದಿನಿಗೆ ಹಾವು. ಗಂಡ ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಎದುರು ಪುಟದಲ್ಲಿ, ವೈದ್ಯರನ್ನು, ಹೋಗಿ ಬಂದವರನ್ನು, ರಾಯಭಾರ ಕಚೇರಿಯ ಸೂಚನೆಗಳನ್ನು ವಿಚಾರಿಸಿ ತಿಳಿದ ಅಪಾಯಗಳನ್ನು ನಾನು ಬರೆಯುತ್ತಾ ಹೋದೆ. ಎರಡು ಪುಟಗಳೂ ತುಂಬಿದ ಮೇಲೆ ನೋಡಿದರೆ ಅವು ಬೇರೆ ಬೇರೆ ದೇಶಗಳ ಪಟ್ಟಿಯಂತಿದ್ದವು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ ಎಂದು ಹೂಡೆಯವಳಾದ ನನಗೆ ಗೊತ್ತಿರಬೇಕು. ವಾರಾಂತ್ಯಕ್ಕೆ ಡೆಲ್ಟಾ ಬೀಚಿಗೆ ಬರುವ ಘಟ್ಟದ ಮೇಲಿನವರು ಕಡಲಿನ ತೆರೆಗೆ ಹೆದರಿ ಹಿಂದೆ ಸರಿಯುತ್ತಾರೆ. ಆಮೇಲೆ ಇತ್ತ ತಿರುಗಿ, ಸ್ವರ್ಣಾ ಸೀತಾ ನದಿಗಳು ಕಡಲು ಸೇರುವ ಅಳಿವೆಯ ತಣ್ಣಗಿನ ನೀರು ನೋಡಿ, ಇಲ್ಲಿ ತೆರೆಯಿಲ್ಲವಲ್ಲ ಎಂದು ಮಕ್ಕಳನ್ನು ಇಳಿಸಲು ಹೊರಡುತ್ತಾರೆ. ಇಳಿತದ ಹೊತ್ತಿಗೆ ಆ ತಣ್ಣಗಿನ ನೀರೇ ಆಳನ್ನು ಕಡಲಿಗೆ ಎಳೆದೊಯ್ಯುವುದು. ಅದು ಬೆಂಗ್ರೆಯ ದೋಣಿಯವರಿಗೆ ಗೊತ್ತು, ನೋಡಲು ಬಂದವರಿಗೆ ಗೊತ್ತಿಲ್ಲ. ಪೆರುವಿನಲ್ಲಿ ನೋಡಲು ಬಂದವರು ನಾವು. ಹಾಗಾಗಿ ಯಾವ ನೀರು ಎಳೆಯುತ್ತದೆ ಎಂದು ಅಲ್ಲಿಯವರಿಂದ ತಿಳಿಯುವುದೇ ನಮ್ಮ ತಯಾರಿ ಎಂದು ಅಂದುಕೊಂಡೆವು.

ಮೊದಲ ಪ್ರಶ್ನೆ ತಿಂಗಳಿನದು. ಭೂಮಧ್ಯರೇಖೆಗೆ ಲಿಮಾ ಸುಮಾರು ನಮ್ಮಷ್ಟೇ ಹತ್ತಿರ, ಆದರೆ ಆಚೆ ಬದಿಗೆ. ಆಂಡೀಸ್ ಬೆಟ್ಟಗಳಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಮಳೆ. ಮಣ್ಣು ಕುಸಿಯುತ್ತದೆ, ರೈಲು ನಿಲ್ಲುತ್ತದೆ, ಇಂಕಾ ಚಾರಣದ ದಾರಿಯನ್ನು ಫೆಬ್ರವರಿಯಲ್ಲಿ ಪೂರ್ತಿ ಮುಚ್ಚುತ್ತಾರೆ. ಕ್ರಿಸ್ಮಸ್ ರಜೆಯ ಆಸೆ ಅಲ್ಲಿಗೆ ಬಿಟ್ಟೆವು. ಮೇ ಹೊತ್ತಿಗೆ ಅಲ್ಲಿ ಒಣ ಹವೆ ಶುರು, ಇಲ್ಲಿ ಮಕ್ಕಳಿಗೆ ಬೇಸಿಗೆ ರಜೆ. 2024ರ ಏಪ್ರಿಲ್ 26ಕ್ಕೆ ಉಡುಪಿ ಚಿಕ್ಕಮಗಳೂರು ಕ್ಷೇತ್ರದ ಮತದಾನ ಇತ್ತು. ಓಟು ಹಾಕಿಯೇ ಹೊರಡುವುದೆಂದು ನಿಶ್ಚಯವಾಯಿತು.

ಎರಡನೆಯದು ದಾರಿ. ಅಮೆರಿಕದ ಮೂಲಕ ಹೋದರೆ ಬರೀ ವಿಮಾನ ಬದಲಿಸುವುದಕ್ಕೂ ಆ ದೇಶದ ವೀಸಾ ಬೇಕು. ಯುರೋಪಿನ ಕೆಲವು ವಿಮಾನ ನಿಲ್ದಾಣಗಳಲ್ಲೂ ಭಾರತೀಯರಿಗೆ ಟ್ರಾನ್ಸಿಟ್ ವೀಸಾದ ಕಟ್ಟಳೆ ಇದೆ. ಅಗ್ಗದ ಟಿಕೆಟ್ ನೋಡಿ ಮೊದಲು ದುಡ್ಡು ಕಟ್ಟಿ ಆಮೇಲೆ ವೀಸಾ ಹುಡುಕಬೇಡಿ ಎಂದು ಎಚ್ಚರಿಸಿದ್ದು ಸೌದಿಯಲ್ಲಿ ದುಡಿದು ಬಂದ ನೆರೆಮನೆಯವರು. ನಾವು ಆರಿಸಿದ್ದು ಬೆಂಗಳೂರು, ಆಮ್‌ಸ್ಟರ್‌ಡಾಮ್, ಲಿಮಾ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ವೀಸಾ ಆರು ತಿಂಗಳಾದರೂ ಉಳಿದಿರುವ ಭಾರತೀಯರಿಗೆ ಪೆರು ಬೇರೆ ಪ್ರವಾಸಿ ವೀಸಾ ಕೇಳುವುದಿಲ್ಲ. ನಮ್ಮಲ್ಲಿ ಅಂಥದ್ದು ಇರಲಿಲ್ಲವಾದ್ದರಿಂದ ದೆಹಲಿಯ ಪೆರು ರಾಯಭಾರ ಕಚೇರಿಗೆ ಅರ್ಜಿ ಹಾಕಿದೆವು. ಮಕ್ಕಳ ಜನನ ಪ್ರಮಾಣಪತ್ರಗಳನ್ನೂ ಎಲ್ಲ ಪಾಸ್‌ಪೋರ್ಟುಗಳ ಪ್ರತಿಗಳನ್ನೂ ಬೇರೆ ಬೇರೆ ಚೀಲದಲ್ಲಿ ಇಟ್ಟದ್ದು ಕೊಲ್ಲಿಯವರು ಕಲಿಸಿದ ಪಾಠ.

ಮೂರನೆಯದೇ ಕಠಿಣ. ಅದು ಹಳದಿ ಜ್ವರ, ಎಲ್ಲರ ಬಾಯಲ್ಲಿ ಯೆಲ್ಲೋ ಫೀವರ್. ವಿಚಿತ್ರವೆಂದರೆ ನಾವು ನೋಡಬೇಕೆಂದಿದ್ದ ಲಿಮಾ, ಕುಸ್ಕೊ, ಮಾಚುಪಿಚುಗಳಲ್ಲಿ ಆ ಜ್ವರದ ಭಯವಿಲ್ಲ. ಅದಿರುವುದು ಬೆಟ್ಟದ ಆಚೆ, ಅಮೆಜಾನ್ ಕಾಡಿನ ತಗ್ಗಿನಲ್ಲಿ. ಲಸಿಕೆಯ ಕಾರ್ಡು ಕೇಳುವುದು ಪೆರುವಲ್ಲ, ಭಾರತ. ಪೆರುವಿನಲ್ಲಿದ್ದು ಆರು ದಿನದೊಳಗೆ ಇಲ್ಲಿಗೆ ಬಂದಿಳಿಯುವವರ ಬಳಿ ಲಸಿಕೆಯ ದಾಖಲೆ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕಾರಣ ಸರಳ. ಆ ವೈರಸ್ ಹೊರುವ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳ, ಡೆಂಗಿ ಹಬ್ಬಿಸುವುದೂ ಅದೇ. ವೈರಸ್ ಮಾತ್ರ ಇನ್ನೂ ಬಂದಿಲ್ಲ. ಒಮ್ಮೆ ಬಂದರೆ ತಡೆದುಕೊಳ್ಳುವ ಶಕ್ತಿ ಇಲ್ಲಿ ಯಾರ ಮೈಯಲ್ಲೂ ಇಲ್ಲ.

ಇದನ್ನು ಓದಿ ಹೇಳಿದಾಗ ಅತ್ತೆ ತಲೆದೂಗಿದರು. "ಆ ಕಾಡಲ್ಲಿ ಮಂಗ ಸಾಯ್ತದಾ?" ಎಂದು ಕೇಳಿದರು. ಸಾಯುತ್ತದೆ. ಕೂಗುಮಂಗಗಳು ಕಾಡಿನಲ್ಲಿ ಸತ್ತು ಬಿದ್ದರೆ ಜ್ವರ ಹತ್ತಿರ ಬಂದಿದೆ ಎಂದು ದಕ್ಷಿಣ ಅಮೆರಿಕದ ಜನ ಎಚ್ಚರಾಗುತ್ತಾರೆ. ಅತ್ತೆಗೆ ಅಷ್ಟು ಸಾಕಾಯಿತು. ಅವರ ತವರಿನಲ್ಲಿ ಮಂಗ ಸತ್ತರೆ ಪಂಚಾಯತಿಗೆ ಸುದ್ದಿ ಮುಟ್ಟಿಸಬೇಕು, ದರಗು ತರಲು ಕಾಡಿಗೆ ಹೋಗುವವರು ಮೈಗೆ ಎಣ್ಣೆ ಹಚ್ಚಿಕೊಳ್ಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲ ಹಳ್ಳಿಗಳಲ್ಲಿ ಜ್ವರ ಎದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಸಂಶಯವೇ ಇದು: ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿತೇ? ಪರೀಕ್ಷಿಸಿ ನೋಡಿದರೆ ಅದು ಹೊಸ ವೈರಸ್, ಹೊರುವುದು ಉಣುಗು. ನಾವು ಮಂಗನ ಕಾಯಿಲೆ ಎನ್ನುವ ಕೆಎಫ್‌ಡಿ ಅದು. ಎರಡೂ ವೈರಸ್ಸುಗಳು ಒಂದೇ ಕುಟುಂಬದವು. ಮಂಗನ ಕಾಯಿಲೆಯ ರಕ್ತಪರೀಕ್ಷೆ ನಡೆಯುತ್ತಿದ್ದ ಜಾಗಗಳಲ್ಲಿ ನಮ್ಮ ಮಣಿಪಾಲದ ವೈರಾಣು ಸಂಸ್ಥೆಯೂ ಒಂದು. ಪೆರುವಿನ ಜ್ವರಕ್ಕಾಗಿ ಹೂಡೆಯಲ್ಲಿ ಕೂತು ಚಿಂತಿಸುವುದು ಅತಿಯಾಯಿತು ಎನ್ನುವವರಿಗೆ ಮಲೆನಾಡಿನ ಈ ಕಥೆಯನ್ನು ಅತ್ತೆ ಆಮೇಲೆ ಬಹಳ ಸಲ ಹೇಳಿದರು.

ಆದರೆ ಲಸಿಕೆಯೇ ಅತ್ತೆಯ ಮಟ್ಟಿಗೆ ಪ್ರಶ್ನೆಯಾಯಿತು. ಅದು ಜೀವಂತ ವೈರಸ್ಸನ್ನು ಬಲಗುಂದಿಸಿ ಮಾಡಿದ್ದು. ಅರುವತ್ತು ದಾಟಿ ಮೊದಲ ಸಲ ತೆಗೆದುಕೊಳ್ಳುವವರಲ್ಲಿ ತೀವ್ರ ಅಡ್ಡಪರಿಣಾಮ ಅಪರೂಪವಾದರೂ ಕಿರಿಯರಿಗಿಂತ ಹೆಚ್ಚು. ಮೊಟ್ಟೆಯ ಅಲರ್ಜಿ ಇದೆಯೇ, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತಿನ್ನುತ್ತಾರೆಯೇ, ಥೈಮಸ್ ಗ್ರಂಥಿಯ ತೊಂದರೆ ಇತ್ತೇ ಎಂದು ವೈದ್ಯರು ಒಂದೊಂದಾಗಿ ಕೇಳಿದರು. ಹಾಕಿಸಿಕೊಳ್ಳಿ ಎಂದೂ ಬೇಡ ಎಂದೂ ಅವರು ಹೇಳಲಿಲ್ಲ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಏನಿದೆ ಎಂದು ತೋರಿಸಿ ತೀರ್ಮಾನವನ್ನು ಅತ್ತೆಗೇ ಬಿಟ್ಟರು. ಅತ್ತೆ ಒಂದು ರಾತ್ರಿ ಯೋಚಿಸಿ ಹಾಕಿಸಿಕೊಳ್ಳುತ್ತೇನೆ ಎಂದರು. ಈ ಲಸಿಕೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಕಾರ್ಡು ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಹೊರಡುವ ವಾರ ನೆನಪಾದರೆ ಪ್ರಯೋಜನವಿಲ್ಲ.

ನಾಲ್ಕನೆಯದು ಎತ್ತರ. ಕರ್ನಾಟಕದ ಅತ್ಯಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕುಸ್ಕೊ ನಗರ ಇರುವುದು 3,400 ಮೀಟರಿನಲ್ಲಿ. ಸಮುದ್ರಮಟ್ಟದ ಗಾಳಿಗೇ ಒಗ್ಗಿದ ನಮ್ಮನ್ನು ಲಿಮಾದಿಂದ ಹೊರಟ ವಿಮಾನ ಒಂದೂಕಾಲು ಗಂಟೆಯಲ್ಲಿ ಅಲ್ಲಿ ಇಳಿಸುತ್ತದೆ. ಅಲ್ಲಿಯ ಗಾಳಿಯ ಒತ್ತಡ ಹೂಡೆಯದರ ಮೂರನೆಯ ಎರಡು ಪಾಲು ಮಾತ್ರ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ. ಕುಳಿತಲ್ಲೇ ಏದುಸಿರು ಬಂದರೆ, ನಡೆಯುವಾಗ ತೂರಾಡಿದರೆ ಅದು ಶ್ವಾಸಕೋಶ ಅಥವಾ ಮಿದುಳಿಗೆ ನೀರು ತುಂಬುವ ಸೂಚನೆ, ತಡಮಾಡದೆ ಕೆಳಗಿಳಿಯಬೇಕು. ಗಟ್ಟಿಮುಟ್ಟಾದ ಯುವಕರಿಗೂ ಇದು ಬರುತ್ತದೆ, ದಮ್ಮು ಹಿಡಿದು ತಡೆಯುವ ವಿಷಯವಲ್ಲ. ಉಪಾಯ ಹಗಲು ಎಲ್ಲಿ ಸುತ್ತುತ್ತೇವೆ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೇವೆ ಎಂಬುದರಲ್ಲಿದೆ. ಮಾಚುಪಿಚು 2,430 ಮೀಟರ್, ಕುಸ್ಕೊಗಿಂತ ಸುಮಾರು ಸಾವಿರ ಮೀಟರ್ ತಗ್ಗು. ಆದ್ದರಿಂದ ಕುಸ್ಕೊದಲ್ಲಿ ಇಳಿದ ಕೂಡಲೇ ಉರುಬಂಬಾ ಕಣಿವೆಗೆ ಇಳಿದು ಮಲಗುವುದು, ಮಾಚುಪಿಚು ಮುಗಿಸಿ, ಮೈ ಒಗ್ಗಿದ ಮೇಲೆ ಕೊನೆಯಲ್ಲಿ ಕುಸ್ಕೊ. ನಮ್ಮ ಇಡೀ ಪ್ರವಾಸದ ಕ್ರಮವನ್ನು ಈ ಒಂದು ಲೆಕ್ಕ ನಿರ್ಧರಿಸಿತು. ವೈದ್ಯರು ಬರೆದುಕೊಟ್ಟ ಮಾತ್ರೆ ಚೀಲಕ್ಕೆ ಬಿತ್ತು. ವಿಮೆಯ ಕಾಗದವನ್ನು ಗಂಡ ಸಣ್ಣ ಅಕ್ಷರದವರೆಗೂ ಓದಿದರು. ಇಂತಿಷ್ಟು ಎತ್ತರದ ಮೇಲೆ ಖರ್ಚು ಕೊಡುವುದಿಲ್ಲ ಎಂಬ ಷರತ್ತು ಕೆಲವು ಪಾಲಿಸಿಗಳಲ್ಲಿ ಇರುತ್ತದೆ.

ಲಿಮಾದಲ್ಲಿ ಇಳಿದಾಗ ಆಕಾಶ ಬೂದಿ ಬಣ್ಣ. ಮೇ ತಿಂಗಳಿಂದ ಅಲ್ಲಿ ಕಡಲಿನ ಮಂಜು ನಗರವನ್ನು ಮುಚ್ಚಿಕೊಳ್ಳುತ್ತದೆ, ಆದರೆ ಮಳೆ ಬರುವುದಿಲ್ಲ. ತಣ್ಣಗಿನ ಹಂಬೋಲ್ಟ್ ಪ್ರವಾಹ ದಡ ಸವರಿ ಹೋಗುವುದರಿಂದ ಅದು ಕಡಲ ತಡಿಯ ಮರುಭೂಮಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಕಾಣುವ ನಮಗೆ, ಮಾಡಿಗೆ ಇಳಿಜಾರೇ ಇಲ್ಲದ ಮನೆಗಳನ್ನು ನೋಡುವುದೇ ಸೋಜಿಗ. ವಿಮಾನ ನಿಲ್ದಾಣದ ಹೊರಗೆ ಬಾಯಿ ಹಾಕುವ ಟ್ಯಾಕ್ಸಿಯವರನ್ನು ಬಿಟ್ಟು, ಹೋಟೆಲಿನವರು ಮೊದಲೇ ಹೇಳಿ ಕಳಿಸಿದ್ದ ಕಾರು ಹತ್ತಿದೆವು. ಚಾಲಕ ಮೊದಲು ಹೇಳಿದ್ದು ಗಾಜು ಏರಿಸಿ, ಫೋನು ಮಡಿಲಲ್ಲಿ ಇಡಬೇಡಿ ಎಂದು. ಸಿಗ್ನಲಿನಲ್ಲಿ ನಿಂತ ಕಾರಿನಿಂದ ಫೋನು ಕಸಿದೋಡುವುದು ಅಲ್ಲಿ ಮಾಮೂಲಿಯಂತೆ.

ಕಳ್ಳತನದ ಭಯ ಸುಳ್ಳಲ್ಲ. ಅದಕ್ಕೆ ಬೇಕಾದ್ದು ಶಿಸ್ತು. ಬಳೆ, ಸರ, ಉಂಗುರ ಉಡುಪಿಯ ಬ್ಯಾಂಕಿನ ಲಾಕರಿನಲ್ಲಿ ಇದ್ದವು. ನನ್ನ ಕುತ್ತಿಗೆಯಲ್ಲಿ ಚಿನ್ನವಿಲ್ಲದ ಕರಿಮಣಿ ಸರ. ಪಾಸ್‌ಪೋರ್ಟು ಹೋಟೆಲಿನ ಪೆಟ್ಟಿಗೆಯಲ್ಲಿ, ಕೈಯಲ್ಲಿ ಅದರ ಪ್ರತಿ, ದಿನದ ಖರ್ಚಿನಷ್ಟೇ ಸೋಲ್ ನೋಟುಗಳು. ಕತ್ತಲಾದ ಮೇಲೆ ಗುರುತಿಲ್ಲದ ಬೀದಿ ಬೇಡ, ಬೆಟ್ಟದ ರಸ್ತೆಯಲ್ಲಿ ರಾತ್ರಿ ಬಸ್ಸು ಬೇಡ. ಪೊಲೀಸ್ 105, ಆಂಬುಲೆನ್ಸ್ 106, ಅಗ್ನಿಶಾಮಕ 116, ಲಿಮಾದ ಭಾರತೀಯ ರಾಯಭಾರ ಕಚೇರಿಯ ನಂಬರು, ಇಷ್ಟನ್ನು ಕಾಗದದ ಚೀಟಿಯಲ್ಲಿ ಬರೆದು ಮಕ್ಕಳ ಕಿಸೆಯಲ್ಲೂ ಇಟ್ಟಿದ್ದೆವು. ಫೋನು ಹೋದಾಗ ಫೋನಿನಲ್ಲಿರುವ ನಂಬರು ಉಪಯೋಗಕ್ಕೆ ಬರುವುದಿಲ್ಲವಲ್ಲ.

ಮಗಳು ಕಂಡುಹಿಡಿದದ್ದು ಬೇರೆಯೇ. ಹೋಟೆಲು, ಅಂಗಡಿ, ಮ್ಯೂಸಿಯಂ, ಎಲ್ಲಿ ಹೋದರೂ ಕಂಬದ ಬಳಿ ಹಸಿರು ಹಲಗೆಯ ಮೇಲೆ ದೊಡ್ಡ 'ಎಸ್' ಅಕ್ಷರ. ಭೂಕಂಪವಾದರೆ ಇಲ್ಲಿ ಬಂದು ನಿಲ್ಲಿ ಎಂಬ ಗುರುತು. 2007ರ ಆಗಸ್ಟ್ 15ರಂದು ಲಿಮಾದ ದಕ್ಷಿಣದ ಪಿಸ್ಕೊ ಪಟ್ಟಣವನ್ನು ನೆಲಸಮ ಮಾಡಿದ ಕಂಪನದ ತೀವ್ರತೆ 8.0. ಸುನಾಮಿ ಬಂದರೆ ಯಾವ ಕಡೆ ಓಡಬೇಕು ಎಂಬ ಬಾಣದ ಗುರುತುಗಳು ಕಡಲ ಬದಿಯ ರಸ್ತೆಯಲ್ಲಿದ್ದವು. ನಾವು ಬರೆದ ಎರಡು ಪುಟಗಳಲ್ಲಿ ಯಾವುದರಲ್ಲೂ ಭೂಕಂಪ ಇರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಕೋಣೆಗೆ ಹೊಕ್ಕ ಕೂಡಲೇ 'ಎಸ್' ಎಲ್ಲಿದೆ ಎಂದು ಹುಡುಕುವುದು ಅಣ್ಣ ತಂಗಿಯರ ಪಂಥವಾಯಿತು.

ಚೊರಿಯೊಸ್ ಎಂಬಲ್ಲಿ ಮೀನುಗಾರರ ದಕ್ಕೆ ಇದೆ. ದೋಣಿ, ಬಲೆ, ಮೀನಿನ ವಾಸನೆ, ಪಾಲಿಗಾಗಿ ಕಾಯುವ ದೊಡ್ಡ ಕೊಕ್ಕಿನ ಪೆಲಿಕನ್ ಹಕ್ಕಿಗಳು. ಪೆರುವಿನ ಕಡಲಿನ ಸಂಪತ್ತು ಆಂಚೊವೆಟಾ, ನಮ್ಮ ಬೂತಾಯಿಯಂತೆ ಹಿಂಡು ಕಟ್ಟಿ ತಿರುಗುವ ಸಣ್ಣ ಮೀನು; ಒಂದೇ ಜಾತಿಯ ಮೀನನ್ನು ಇಷ್ಟು ಹಿಡಿಯುವ ಕಸುಬು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಹೆಚ್ಚಿನದೆಲ್ಲ ಫಿಶ್‌ಮೀಲ್ ಆಗುತ್ತದೆ. 2023ರಲ್ಲಿ ಎಲ್ ನಿನೊ ಬಂದು ಕಡಲು ಬೆಚ್ಚಗಾಗಿ, ಆ ವರ್ಷದ ಮೊದಲ ಆಂಚೊವೆಟಾ ಋತುವನ್ನೇ ಸರ್ಕಾರ ರದ್ದು ಮಾಡಿತ್ತು. ಅದೇ ವರ್ಷ ಕರ್ನಾಟಕದಲ್ಲಿ ಮುಂಗಾರು ಕೈಕೊಟ್ಟು 236ರಲ್ಲಿ 223 ತಾಲ್ಲೂಕುಗಳು ಬರದ ಪಟ್ಟಿ ಸೇರಿದವು. ನಮ್ಮ ಮಳೆಯ ಜಾತಕದ ಒಂದು ಪುಟ ಈ ಕಡಲಿನಲ್ಲಿದೆ ಎಂದು ಅತ್ತೆ ದಕ್ಕೆಯ ಮೇಲೆಯೇ ಮೊಮ್ಮಕ್ಕಳಿಗೆ ಪಾಠ ಮಾಡಿದರು.

ಊಟಕ್ಕೆ ಎಲ್ಲರೂ ಹೇಳುವುದು ಸೆವಿಚೆ. ಹಸಿ ಮೀನಿನ ತುಂಡಿಗೆ ನಿಂಬೆಹುಳಿ, ಮೆಣಸು, ನೀರುಳ್ಳಿ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ಬೆಳಗಿನ ಮೀನು ಮಧ್ಯಾಹ್ನದೊಳಗೆ ತಿನ್ನಬೇಕು, ರಾತ್ರಿ ಸೆವಿಚೆ ಕೊಡುವ ಅಂಗಡಿಗೆ ಹೋಗಬೇಡಿ ಎಂದು ದಕ್ಕೆಯ ಹೆಂಗಸೊಬ್ಬರು ಕೈಸನ್ನೆಯಲ್ಲೇ ತಿಳಿಸಿದರು. ನಿಂಬೆಹುಳಿ ಮೀನನ್ನು ಬಿಳಿಯಾಗಿಸುತ್ತದೆ, ಬೇಯಿಸುವುದಿಲ್ಲ. 1991ರಲ್ಲಿ ಆ ದೇಶವನ್ನು ನಡುಗಿಸಿದ ಕಾಲರಾ ನೀರು ಮತ್ತು ಹಸಿ ಮೀನಿನ ಮೂಲಕವೇ ಹರಡಿತ್ತು. ಗಂಡ ರುಚಿ ನೋಡಿದರು. ಮೀನು ಸಾರಿನಲ್ಲೇ ಬೆಳೆದ ನಾವು ಉಳಿದವರು ಹುರಿದ ಮೀನು, ಅನ್ನ ತರಿಸಿಕೊಂಡೆವು. ನಲ್ಲಿ ನೀರು ಕುಡಿಯಲಿಲ್ಲ, ಹಲ್ಲುಜ್ಜಲೂ ಬಾಟಲಿ ನೀರೇ.

ಕುಸ್ಕೊ ನಿಲ್ದಾಣದಲ್ಲಿ ಇಳಿದವರಿಗೆ ಕೋಕಾ ಎಲೆಯ ಕಷಾಯ ಕೊಡುತ್ತಾರೆ. ಅಲ್ಲಿ ಅದು ಕಾನೂನುಬದ್ಧ, ಬೆಟ್ಟದವರ ದಿನನಿತ್ಯದ ಕುಡಿಯುವ ವಸ್ತು. ಆದರೆ ಅದೇ ಎಲೆ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ನಿಷಿದ್ಧ ವಸ್ತು. ನೆನಪಿಗೆಂದು ಒಂದು ಪೊಟ್ಟಣ ಟೀ ಚೀಲಕ್ಕೆ ಹಾಕಿಕೊಂಡರೂ ಅದು ಮಾದಕ ವಸ್ತುವಿನ ಸಾಗಣೆ. ಊರಿನವರು ಹೆದರಿಸಿದ್ದ ಕೊಕೇನ್ ಗ್ಯಾಂಗು ನಮ್ಮ ಹತ್ತಿರ ಸುಳಿಯುವ ಸಾಧ್ಯತೆ ಕಡಿಮೆ, ಅಂಗಡಿಯ ಟೀ ಪೊಟ್ಟಣ ಸುಳಿಯುವ ಸಾಧ್ಯತೆ ಬಹಳ. ಕುಡಿದದ್ದನ್ನು ಕುಡಿದು, ಉಳಿದದ್ದನ್ನು ಅಲ್ಲೇ ಬಿಟ್ಟೆವು.

ಕಣಿವೆಗೆ ಇಳಿದರೂ ಮಗಳಿಗೆ ಮೊದಲ ಸಂಜೆ ತಲೆನೋವು ಬಂತು. ಹೋಟೆಲಿನ ಯಜಮಾನಿ ಬಿಸಿ ಸೂಪು ಕೊಟ್ಟು, ಬೇಗ ಮಲಗಿಸಿ, ನಾಳೆ ಎಲ್ಲಿಗೂ ಹೋಗಬೇಡಿ ಎಂದರು. ನಾಳೆ ಎಲ್ಲಿಗೂ ಹೋಗದಿರಲು ನಮ್ಮಲ್ಲಿ ಬಿಡುವಿನ ದಿನ ಇತ್ತು. ಅದನ್ನು ಇಟ್ಟದ್ದಕ್ಕೆ ಇನ್ನೊಂದು ಕಾರಣವೂ ಇತ್ತು. 2022ರ ಡಿಸೆಂಬರ್ 7ರಂದು ಅಧ್ಯಕ್ಷ ಪೆದ್ರೊ ಕಸ್ತಿಯೊ ಅವರನ್ನು ಸಂಸತ್ತು ಇಳಿಸಿದ ಮೇಲೆ ನಡೆದ ಪ್ರತಿಭಟನೆಯಲ್ಲಿ ರೈಲು ನಿಂತು ನೂರಾರು ಪ್ರವಾಸಿಗರು ಮಾಚುಪಿಚು ತಪ್ಪಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. 2024ರ ಜನವರಿಯಲ್ಲೂ ಟಿಕೆಟ್ ಮಾರಾಟದ ಜಗಳಕ್ಕೆ ಊರಿನವರು ಹಳಿಯ ಮೇಲೆ ಕೂತಿದ್ದರು. ಅಂಥ ಹೊತ್ತಿನಲ್ಲಿ ಪ್ರವಾಸಿ ಮಾಡಬೇಕಾದ್ದು ಇದ್ದಲ್ಲೇ ಇರುವುದು. ಅದಕ್ಕೆ ಕೈಯಲ್ಲಿ ದಿನ ಬೇಕು. ತುಂಬಿ ತುಳುಕುವ ಕಾರ್ಯಕ್ರಮ ಹಾಕಿಕೊಂಡವರಿಗೆ ಜಾಗ್ರತೆ ವಹಿಸಲು ಪುರಸೊತ್ತೇ ಇರುವುದಿಲ್ಲ.

ಮಾಚುಪಿಚುವಿನ ಮೇಲೆ ಅತ್ತೆ ಹೆಚ್ಚು ಮಾತಾಡಲಿಲ್ಲ. ಮೆಟ್ಟಿಲು ಮೆಟ್ಟಿಲಾದ ಗದ್ದೆಗಳ ಅಂಚನ್ನು ಹಿಡಿದು, ನೀರು ಬಸಿಯಲು ಮಾಡಿದ ಕಲ್ಲಿನ ತೋಡುಗಳನ್ನು ತೋರಿಸುತ್ತಾ ನಡೆದರು. ಅಡಿಕೆ ತೋಟದ ಬಸಿಗಾಲುವೆ ನೋಡಿ ಬೆಳೆದವರಿಗೆ ಅಷ್ಟು ಮಳೆಯ ಬೆಟ್ಟ ಐನೂರು ವರ್ಷ ಜಾರದೆ ನಿಂತದ್ದರ ಗುಟ್ಟು ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕುಸ್ಕೊದಲ್ಲಿ ಅದರ ಇನ್ನೊಂದು ಮುಖ ಕಂಡಿತು. ಇಂಕಾಗಳ ಕೊರಿಕಾಂಚಾ ಗುಡಿಯ ಗೋಡೆಯ ಮೇಲೆ ಸ್ಪೇನಿನವರು ಸಾಂತೊ ದೊಮಿಂಗೊ ಇಗರ್ಜಿ ಕಟ್ಟಿದ್ದಾರೆ. 1950ರ ಮೇ ತಿಂಗಳ ಭೂಕಂಪದಲ್ಲಿ ಇಗರ್ಜಿ ಕುಸಿಯಿತು; ಗಾರೆಯಿಲ್ಲದೆ ಒಂದಕ್ಕೊಂದು ಕೂರಿಸಿ, ತುಸು ಒಳಕ್ಕೆ ವಾಲಿಸಿ ಕಟ್ಟಿದ ಇಂಕಾ ಗೋಡೆ ನಿಂತಿತು. ಗೆದ್ದವರು ತಮ್ಮೂರಿನ ಕಟ್ಟಡ ತಂದರು, ಸೋತವರಿಗೆ ಈ ನೆಲ ನಡುಗುವ ಬಗೆ ಗೊತ್ತಿತ್ತು.

ವಾಪಸು ಬೆಂಗಳೂರಿನಲ್ಲಿ ಇಳಿದಾಗ ಇಮಿಗ್ರೇಶನ್ನಿಗೂ ಮುಂಚೆ ಆರೋಗ್ಯ ಇಲಾಖೆಯ ಮೇಜಿನ ಬಳಿ ತಡೆದು ನಿಲ್ಲಿಸಿದರು. ಎಲ್ಲಿಂದ ಬಂದಿರಿ? ಪೆರು. ಕಾರ್ಡು? ಹಳದಿ ಪುಸ್ತಕಗಳನ್ನು ಒಂದೊಂದಾಗಿ ತಿರುವಿ, ಅತ್ತೆಯದನ್ನು ಇನ್ನೊಮ್ಮೆ ನೋಡಿ, ಹೋಗಿ ಎಂದರು. ಇಡೀ ಪ್ರವಾಸದಲ್ಲಿ ನಮ್ಮಿಂದ ಅಪಾಯವಿದೆಯೇ ಎಂದು ಯಾರಾದರೂ ಪರೀಕ್ಷಿಸಿದ್ದರೆ ಅದು ನಮ್ಮ ದೇಶವೇ. ಅಲ್ಲಿಗೆ ಹೋಗುವಾಗ ಜಾಗ್ರತೆ ಎಂದರೆ ನಮ್ಮನ್ನು ನಾವು ಕಾಯುವುದು ಎಂದಷ್ಟೇ ತಿಳಿದಿದ್ದೆವು. ನಮ್ಮ ಮೈಯಲ್ಲಿ ಕೂತು ಬರಬಹುದಾದ್ದರಿಂದ ಊರನ್ನು ಕಾಯುವುದೂ ಅದರಲ್ಲಿ ಸೇರಿದೆ. ಈಡಿಸ್ ಸೊಳ್ಳೆ ಹೂಡೆಯ ತೆಂಗಿನ ಗೆರಟೆಯ ನೀರಿನಲ್ಲೂ ಮೊಟ್ಟೆ ಇಡುತ್ತದೆ.

ಆಮೇಲೆ 2025ರ ಅಕ್ಟೋಬರಿನಲ್ಲಿ ಸುಲಿಗೆಕೋರರ ಹಾವಳಿಗೆ ಲಿಮಾದಲ್ಲಿ ತುರ್ತು ಪರಿಸ್ಥಿತಿ ಸಾರಿದ ಸುದ್ದಿ ಬಂತು. ನಾವು ಹೋದಾಗಿನ ಪೆರು ಎಲ್ಲ ಕಾಲಕ್ಕೂ ಹಾಗೇ ಇರುವುದಿಲ್ಲ, ಹೊರಡುವವರು ಆ ವಾರದ ಸೂಚನೆಯನ್ನೇ ಓದಬೇಕು. ಆದರೂ ಕೇಳಲು ಬರುವವರು ಇದ್ದಾರೆ. ಅಲ್ಲಿ ಸೇಫಾ ಎಂದು ಕೇಳಿದರೆ ಅತ್ತೆ ಉತ್ತರ ಹೇಳುವುದಿಲ್ಲ, ಹಳೇ ಟೀಚರಿನ ಗತ್ತಿನಲ್ಲಿ ತಿರುಗಿ ಪ್ರಶ್ನೆ ಹಾಕುತ್ತಾರೆ. "ಯಾರ್ಯಾರು ಹೋಗ್ತೀರಿ? ಯಾವ ತಿಂಗಳು? ರಾತ್ರಿ ಮಲಗುವುದು ಎಷ್ಟು ಎತ್ತರದಲ್ಲಿ? ಬಿಡುವಿನ ದಿನ ಉಂಟಾ?" ಎಲ್ಲದಕ್ಕೂ ಉತ್ತರ ಇಟ್ಟುಕೊಂಡು ಬಂದವರಿಗೆ ಹೋಗಿ ಬನ್ನಿ ಎನ್ನುತ್ತಾರೆ. ಉಳಿದವರಿಗೆ, ಪೆರು ಬಿಡಿ, ಆಗುಂಬೆಯೂ ಸೇಫ್ ಅಲ್ಲವಂತೆ.